ಉಬ್ಬಿದ ಖಿಚಡಿ ಮತ್ತು ಮೂವತ್ತೆರಡು ಮುತ್ತೈದೆಯರು

ಸಾಮಾನು ಆರಿಸುವುದರಲ್ಲಿ ನನ್ನನ್ನು ಮೀರಿಸುವವರು ಇಡೀ ಕೋಪರಖೈರಣೆಯಲ್ಲಿ ಯಾರೂ ಇಲ್ಲ. ಇದು ಜಂಬವಲ್ಲ, ಮಾರುಕಟ್ಟೆಯಲ್ಲಿ ಯಾರನ್ನು ಬೇಕಾದರೂ ಕೇಳಿ. ಬದನೆಯನ್ನು ಒತ್ತಿ ನೋಡದೆ, ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸದೆ, ಬೆಂಡೆಯ ತುದಿ ಮುರಿಯದೆ ನಾನು ಈವರೆಗೆ ಏನನ್ನೂ ಚೀಲಕ್ಕೆ ಹಾಕಿದವಳಲ್ಲ. ನಾನು ಬರುವುದನ್ನು ಕಂಡರೆ ತರಕಾರಿಯವನು ಕೈಕಟ್ಟಿ ಬದಿಗೆ ಸರಿಯುತ್ತಾನೆ. "ಶೆಟ್ಟಿ ವಹಿನೀ, ಆಪ್ ಹೀ ಚುನ್ ಲೋ" ಎನ್ನುತ್ತಾನೆ, ಅಂದರೆ ಅತ್ತಿಗೆ, ನೀವೇ ಆರಿಸಿಕೊಳ್ಳಿ. ನಾನು ಶೆಟ್ಟಿಯಲ್ಲ. ನನ್ನ ಹೆಸರು ವಾರಿಜಾ, ಕಾಪುವಿನ ಹತ್ತಿರದವಳು. ಆದರೆ ಈ ಮರಾಠಿ ಊರಿನಲ್ಲಿ ಉಡುಪಿ ಕಡೆಯವರೆಲ್ಲರೂ ಶೆಟ್ಟಿಗಳೇ. ಇಪ್ಪತ್ತೆರಡು ವರ್ಷ ತಿದ್ದಿ ತಿದ್ದಿ ಸಾಕಾಗಿ ಈಗ ಬಿಟ್ಟುಬಿಟ್ಟಿದ್ದೇನೆ.

ಸಂಕ್ರಾಂತಿಯಿಂದ ರಥಸಪ್ತಮಿಯವರೆಗೆ ಇಲ್ಲಿನ ಹೆಂಗಸರಿಗೆ ಅರಿಶಿನ ಕುಂಕುಮದ ಸಂಭ್ರಮ. ಮನೆಗೆ ಬಂದ ಮುತ್ತೈದೆಗೆ ಅರಿಶಿನ ಕುಂಕುಮ ಹಚ್ಚಿ, ಎಳ್ಳುಂಡೆ ಕೊಟ್ಟು, ಜೊತೆಗೊಂದು ಉಪಯೋಗದ ವಸ್ತುವನ್ನೂ ಕೊಡಬೇಕು. ಅದಕ್ಕೆ ವಾಣ ಎನ್ನುತ್ತಾರೆ. ನಮ್ಮ ಬಾಗಿನದ ತಂಗಿ ಎಂದಿಟ್ಟುಕೊಳ್ಳಿ. ಊರಲ್ಲಿ ನಮಗೆ ಇದೆಲ್ಲ ಇರಲಿಲ್ಲ. ಆದರೆ ಮರಾಠಿ ನೆರೆಹೊರೆಯವರ ಮನೆಯಿಂದ ವರ್ಷ ವರ್ಷವೂ ಕೈತುಂಬ ತಂದು, ನಮ್ಮ ಮನೆಯಲ್ಲಿ ಮಾಡದೆ ಇರಲು ಮಾನ ಮರ್ಯಾದೆ ಇಲ್ಲವೇ? ಹಾಗಾಗಿ ನಾನೂ ಶುರು ಮಾಡಿದೆ. ವಾಣಕ್ಕೆ ಒಂದೇ ಒಂದು ಕಟ್ಟುನಿಟ್ಟಿನ ನಿಯಮವಿದೆ. ಕೊಟ್ಟದ್ದನ್ನು ಯಾವ ಕಾರಣಕ್ಕೂ ವಾಪಸು ಕೇಳುವಂತಿಲ್ಲ. ಕೇಳಿದರೆ ಎರಡು ಮನೆಗೂ ಅಶುಭ.

ಈ ವರ್ಷ ನನಗೆ ಹೊಳೆದ ಆಲೋಚನೆ ಬಿಲ್ಡಿಂಗಿನ ಚರಿತ್ರೆಯಲ್ಲೇ ಯಾರಿಗೂ ಹೊಳೆದಿರಲಿಲ್ಲ. ಡಬ್ಬಿ, ಬಟ್ಟಲು ಕೊಟ್ಟು ಏನು ಪ್ರಯೋಜನ? ದುಡಿದು ಸುಸ್ತಾಗಿ ಲೋಕಲ್ ಟ್ರೇನಿನಿಂದ ಇಳಿದು ಬರುವ ಹೆಂಗಸಿಗೆ ಒಂದು ಹೊತ್ತಿನ ಅಡುಗೆಯಿಂದ ಬಿಡುಗಡೆ ಕೊಡಬೇಕು. ಸಿದ್ಧ ಖಿಚಡಿಯ ಪಾಕೀಟು! ಬಿಸಿನೀರಿನಲ್ಲಿ ಐದು ನಿಮಿಷ ಇಟ್ಟು, ಕತ್ತರಿಸಿ, ತಟ್ಟೆಗೆ ಸುರಿದರೆ ಊಟ. ಸೀವುಡ್ಸ್ ಸ್ಟೇಷನ್ನಿನ ಹತ್ತಿರದ ದೊಡ್ಡ ಅಂಗಡಿಗೆ ನಮ್ಮವರನ್ನು ಎಳೆದುಕೊಂಡು ಹೋದೆ. ಕಂಪೆನಿಯ ಹೆಸರು ಹೇಳುವುದಿಲ್ಲ. ಹೇಳಿದರೆ ಅವರಿಗೇ ಪುಕ್ಕಟೆ ಪ್ರಚಾರ. ಪಾಕೀಟಿನ ಮೇಲೆ ಸೆರಗು ಹೊದ್ದ ಒಬ್ಬಳು ಹೆಂಗಸು ನಗುತ್ತಿದ್ದಳು. ಕೆಳಗೆ "ಅಮ್ಮನ ಕೈರುಚಿ" ಎಂಬ ಅಚ್ಚು.

ಅಲ್ಲಿಯೂ ನಾನು ನನ್ನ ವಿದ್ಯೆಯನ್ನು ಬಿಡಲಿಲ್ಲ. ಒಂದೊಂದು ಪಾಕೀಟನ್ನೂ ಒತ್ತಿ ನೋಡಿದೆ. ಹೆಚ್ಚಿನವು ಚಪ್ಪಟೆಯಾಗಿ, ಸೊರಗಿ, ಒಳಗೆ ಏನಿದೆಯೋ ಇಲ್ಲವೋ ಎಂಬಂತೆ ಇದ್ದವು. ಕೆಲವು ಮಾತ್ರ ಗುಂಡುಗುಂಡಾಗಿ, ತುಂಬಿಕೊಂಡು, ಲಕ್ಷಣವಾಗಿದ್ದವು. ಮುತ್ತೈದೆಗೆ ಚಪ್ಪಟೆ ಪಾಕೀಟು ಕೊಡುವುದೇ? ಕಪಾಟಿನ ಹಿಂದಿನ ಸಾಲಿಗೂ ಕೈ ಹಾಕಿ, ಹುಡುಕಿ ಹುಡುಕಿ, ತುಂಬಿದ್ದನ್ನೇ ಮೂವತ್ತೆರಡು ಆರಿಸಿದೆ. ಅಂಗಡಿಯ ಹುಡುಗಿ "ಮ್ಯಾಡಮ್, ಸಬ್ ಸೇಮ್ ಹೈ" ಎಂದಳು. ಸೇಮ್ ಅಂತೆ. ನನಗೆ ಕಲಿಸಲು ಬಂದಳು.

ನಮ್ಮವರು ಚೀಲ ಎತ್ತಿ ನೋಡಿ, "ಇದು ಎಂತ ಮಾರಾಯ್ತಿ, ಖಿಚಡಿಯಾ ಬಲೂನಾ?" ಎಂದರು.

"ನಿಮಗೆ ಎಂತ ಗೊತ್ತುಂಟು? ಸುಮ್ಮನೆ ಹಿಡ್ಕೊಳ್ಳಿ" ಎಂದೆ.

ಭಾನುವಾರ ಸಂಜೆ ಅರಿಶಿನ ಕುಂಕುಮ ಭರ್ಜರಿಯಾಗಿ ನಡೆಯಿತು. ಬಿಲ್ಡಿಂಗಿನ ಮೂವತ್ತೊಂದು ಮನೆಗಳ ಹೆಂಗಸರು ಬಂದರು. ಮೂವತ್ತೆರಡನೆಯವಳು ನಮ್ಮ ಮೆಟ್ಟಿಲು ಗುಡಿಸಿ ಕಸ ಒಯ್ಯುವ ಕಲಬುರಗಿ ಕಡೆಯ ಮಲ್ಲಮ್ಮ. ಎದುರು ಮನೆಯ ಜೋಶಿ ಚಿಕ್ಕಮ್ಮ, ಇಲ್ಲಿನ ಮಾತಿನಲ್ಲಿ ಜೋಶಿ ಕಾಕು, ಬಿಲ್ಡಿಂಗಿನ ಶಾಸ್ತ್ರ ಸಂಪ್ರದಾಯಗಳ ಸುಪ್ರೀಂ ಕೋರ್ಟು. ಅವರು ಪಾಕೀಟನ್ನು ಹಿಂದೆ ಮುಂದೆ ತಿರುಗಿಸಿ ನೋಡಿ "ಛಾನ್, ಹೊಸ ರೀತಿ" ಎಂದರು. ಅವರು ಮಾತಾಡುವುದು ಮರಾಠಿಯಲ್ಲಿ, ನಿಮಗಾಗಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಕಾಕುವಿನ ಬಾಯಲ್ಲಿ ಛಾನ್ ಎನಿಸಿಕೊಳ್ಳುವುದೆಂದರೆ ಸಾಮಾನ್ಯವಲ್ಲ. ಆ ರಾತ್ರಿ ನಾನು ನೆಮ್ಮದಿಯಿಂದ ನಿದ್ದೆ ಮಾಡಿದೆ.

ಮಂಗಳವಾರ ಬೆಳಿಗ್ಗೆ ಏಳೂವರೆಗೆ ನನ್ನ ಫೋನು ಟಿಂಗ್ ಎಂದಿತು. ದೋಸೆ ಮಗುಚುತ್ತಿದ್ದ ನಾನು "ಅದೆಂತ ನೋಡು" ಎಂದು ಮಗಳು ಶ್ರೇಯಾಳಿಗೆ ಹೇಳಿದೆ. ಅವಳಿಗೆ ನಾವು ಆಡುವ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ ಬರುತ್ತದೆ. ಅವಳು ಓದಿದಳು, ಇನ್ನೊಮ್ಮೆ ಓದಿದಳು. "ಮಮ್ಮೀ, ಗ್ಯಾಸ್ ಬಂದ್ ಕರೋ. ಪೆಹಲೇ ಬೈಠೋ" ಎಂದಳು. ನಾನು ಒಲೆ ಆರಿಸಿ ಕುಳಿತೆ.

ಅಂಗಡಿಯವರು ಬಿಲ್ಲಿಗೆ ಕೊಟ್ಟ ನಂಬರಿಗೆ ಕಳಿಸಿದ ಸಂದೇಶ. ಸಾರಾಂಶ ಇಷ್ಟು. ಪ್ರಿಯ ಗ್ರಾಹಕರೇ, ತಾವು ಖರೀದಿಸಿದ ಖಿಚಡಿಯ ಈ ಬ್ಯಾಚಿನಲ್ಲಿ ಹಾನಿಕಾರಕ ಬ್ಯಾಕ್ಟೀರಿಯಾ ಇರುವ ಸಾಧ್ಯತೆ ಕಂಡುಬಂದಿರುವುದರಿಂದ ಕಂಪೆನಿಯು ಅದನ್ನು ಹಿಂದಕ್ಕೆ ಪಡೆಯುತ್ತಿದೆ. ಬಿಸಿ ಮಾಡಿಯೂ ತಿನ್ನಬೇಡಿ. ಗರ್ಭಿಣಿಯರು, ಮಕ್ಕಳು, ವಯಸ್ಸಾದವರು ವಿಶೇಷ ಎಚ್ಚರ ವಹಿಸಿ. ತಮಗಾದ ಅನಾನುಕೂಲಕ್ಕೆ ವಿಷಾದಿಸುತ್ತೇವೆ.

ಅನಾನುಕೂಲ! ಮೂವತ್ತೆರಡು ಮನೆಗೆ ಕುಂಕುಮ ಹಚ್ಚಿ ಕಾಯಿಲೆ ಹಂಚಿದವಳಿಗೆ ಅದು ಅನಾನುಕೂಲವಂತೆ!

"ನಾನು ಅವತ್ತೇ ಹೇಳಿದ್ದೆ ಬಲೂನು ಅಂತ" ಎಂದರು ನಮ್ಮವರು, ಮಹಾಪೆಯ ಆಫೀಸಿಗೆ ಹೊರಡಲು ಶೂ ಕಟ್ಟಿಕೊಳ್ಳುತ್ತಾ.

"ಈಗ ಎಂತ ಮಾಡುದು ಹೇಳಿ, ಅದು ಬಿಟ್ಟು."

"ಬಿಲ್ಡಿಂಗಿನ ಗ್ರೂಪಿನಲ್ಲಿ ಹಾಕಿಬಿಡು. ಎಲ್ಲರಿಗೂ ಒಟ್ಟಿಗೇ ಗೊತ್ತಾಗ್ತದೆ."

ಅದೇ ಸರಿಯಾದ ಸಲಹೆಯಾಗಿತ್ತು. ಹಾಗಾಗಿ ನಾನು ಒಪ್ಪಲಿಲ್ಲ. ಆರಿಸುವುದರಲ್ಲಿ ಹೆಸರು ಮಾಡಿದವಳು ಹಾಳು ಖಿಚಡಿ ಹಂಚಿದಳು ಎಂದು ಬಿಲ್ಡಿಂಗೇ ಆಡಿಕೊಳ್ಳುವುದನ್ನು ನಾನು ಕೇಳಬೇಕೇ? ಸದರಿ ವಿಷಯವನ್ನು ಬಹಿರಂಗಪಡಿಸದೆ ಮೊದಲು ಗುಪ್ತ ವಿಚಾರಣೆ ನಡೆಸತಕ್ಕದ್ದು ಎಂದು ಮನೆಯಲ್ಲಿ ಠರಾವು ಪಾಸಾಯಿತು. ಮಂಡಿಸಿದವಳೂ ಅನುಮೋದಿಸಿದವಳೂ ನಾನೇ. ಉಳಿದಿಬ್ಬರು ಸಭಾತ್ಯಾಗ ಮಾಡಿ ಕೆಲಸಕ್ಕೆ ಹೋದರು.

ಎಂಟು ಗಂಟೆಗೆ ನಾನು ಮೇಲಿನ ಮಹಡಿಯಿಂದ ಶುರು ಮಾಡಿದೆ. ಬೆಲ್ಲು ಒತ್ತುವುದು, ಕೊತ್ತಂಬರಿ ಸೊಪ್ಪು ಇದೆಯೇ ಎಂದು ಕೇಳುವುದು, ಹೋಗುವಾಗ ನೆನಪಾದವಳಂತೆ ತಿರುಗಿ ನಿಂತು "ಅಂದ ಹಾಗೆ, ಆ ಖಿಚಡಿ ಹೇಗಿತ್ತು?" ಎನ್ನುವುದು. ತಿನ್ನದೆ ಇದ್ದವರು ಇನ್ನೂ ಇದೆ ಎನ್ನುತ್ತಾರೆ, ಏನೋ ನೆಪ ಹೇಳಿ ಪಾಕೀಟು ತಂದುಬಿಡುವುದು. ಇದು ನನ್ನ ಯೋಜನೆ.

ಮೊದಲನೆಯವಳು "ಅಯ್ಯೋ, ತುಂಬಾ ರುಚಿಯಾಗಿತ್ತು" ಎಂದಳು. ಎರಡನೆಯವಳು ಮಕ್ಕಳು ಬೆರಳು ಚೀಪಿಕೊಂಡು ತಿಂದರೆಂದಳು. ಮೂರನೆಯವಳ ಗಂಡ ಇನ್ನೊಮ್ಮೆ ಬಡಿಸಿಕೊಂಡನಂತೆ. ಒಬ್ಬರಿಗೇ ಸಾಲದ ಪಾಕೀಟಿನಲ್ಲಿ ಎರಡನೇ ಸಲ ಬಡಿಸಿದ್ದು ಹೇಗೆಂದು ಕೇಳುವ ಬುದ್ಧಿ ನನಗೆ ಆಗ ಬರಲಿಲ್ಲ. ಜೋಶಿ ಕಾಕುವಂತೂ ಕಣ್ಣು ಮುಚ್ಚಿ, "ತುಪ್ಪ ಹಾಕಿಕೊಂಡು ತಿಂದೆ. ನಮ್ಮ ಅಮ್ಮನ ನೆನಪಾಯಿತು" ಎಂದರು.

ಒಂಬತ್ತೂವರೆಯ ಹೊತ್ತಿಗೆ ಲೆಕ್ಕ ಸ್ಪಷ್ಟವಾಯಿತು. ಮೂವತ್ತೊಂದಕ್ಕೆ ಮೂವತ್ತೊಂದು ಮನೆಯಲ್ಲೂ ತಿಂದು ಮುಗಿಸಿದ್ದಾರೆ. ಎರಡನೇ ಮಹಡಿಯ ಎರಡು ವರ್ಷದ ಮಗು, ಒಂದನೇ ಮಹಡಿಯ ಸಕ್ಕರೆ ಕಾಯಿಲೆಯ ಅಜ್ಜ, ಎಲ್ಲರೂ. ಆದರೂ ಬಾಯಿ ಬಿಡದೆ, ಮನೆಗೆ ಓಡಿ, ಜೀರಿಗೆ ಶುಂಠಿ ಕೊತ್ತಂಬರಿ ಹಾಕಿ ದೊಡ್ಡ ಪಾತ್ರೆಯಲ್ಲಿ ಕಷಾಯ ಕುದಿಸಿ, ಎರಡು ಫ್ಲಾಸ್ಕಿಗೆ ತುಂಬಿಕೊಂಡು ಮತ್ತೆ ಮನೆ ಮನೆಗೆ ಹೊರಟೆ. ಈಗ ಗಾಳಿ ಬದಲಾಗಿದೆ, ನಮ್ಮ ಊರಿನ ಕಷಾಯ, ಹೊಟ್ಟೆಗೆ ಒಳ್ಳೆಯದು ಎಂದೆ. ಎಲ್ಲರೂ ಲೋಟ ಹಿಡಿದು ಬಂದು ಹಾಕಿಸಿಕೊಂಡರು. ಒಬ್ಬಳು ಮಾಡುವ ವಿಧಾನವನ್ನೂ ಬರೆದುಕೊಂಡಳು.

ಮೂರನೇ ಮಹಡಿಯ ಮೆಟ್ಟಿಲಲ್ಲಿ ಫ್ಲಾಸ್ಕು ಖಾಲಿಯಾಯಿತು, ನಾನೂ ಅಲ್ಲೇ ಕುಸಿದು ಕುಳಿತೆ. ಭಯವಾಗಿತ್ತು, ನಿಜವಾಗಿ ಭಯವಾಗಿತ್ತು. ಆ ಎರಡು ವರ್ಷದ ಮಗು ಬಾಗಿಲ ಸಂದಿಯಿಂದ ನನಗೆ ಕೈ ಬೀಸಿತ್ತು. ಅದಕ್ಕೇನಾದರೂ ಆದರೆ ನಾನು ಯಾವ ಮುಖ ಹೊತ್ತು ಈ ಮೆಟ್ಟಿಲು ಹತ್ತುವುದು ಎಂದು ಅಳು ಬಂತು.

ಗುಡಿಸುತ್ತ ಇಳಿದು ಬಂದ ಮಲ್ಲಮ್ಮ ನನ್ನನ್ನು ಕಂಡು ನಿಂತಳು. "ಯಾಕ್ರಿ ಅಕ್ಕಾರ, ಹಿಂಗ್ಯಾಕ ಕುಂತೀರಿ?"

ಬೇರೆ ಯಾರಿಗೂ ಹೇಳದ್ದನ್ನು ಅವಳಿಗೆ ಹೇಳಿದೆ. ಅವಳು ಪೊರಕೆಯನ್ನು ಗೋಡೆಗೆ ಒರಗಿಸಿ ಪಕ್ಕದ ಮೆಟ್ಟಿಲಲ್ಲಿ ಕುಳಿತಳು.

"ನಾ ತಿಂದಿಲ್ರಿ. ಮಕ್ಕಳಿಗೂ ಕೊಟ್ಟಿಲ್ಲ. ಮನಿಗೆ ಒಯ್ದು ಕತ್ತರಿಸಿ ಮೋರಿಗಿ ಸುರುವಿದೆ. ನಿಮಗ ಬ್ಯಾಸರ ಆಗ್ತದಂತ ಹೇಳ್ಲಿಲ್ಲ."

"ಯಾಕೆ ಸುರಿದದ್ದು? ನಿನಗೆ ಮೊದಲೇ ಹೇಗೆ ಗೊತ್ತಾಯ್ತು?"

"ಅದು ಉಬ್ಬಿತ್ತಲ್ರಿ. ಮಹಾಪೆದಾಗ ಇಂಥ ಪಾಕೀಟ ಮಾಡೋ ಫ್ಯಾಕ್ಟ್ರ್ಯಾಗ ಎರಡು ವರ್ಷ ದುಡದೀನಿ. ಉಬ್ಬಿದ್ದು ಬಂತಂದ್ರ ಒಳಗ ಕೆಟ್ಟು ಗಾಳಿ ತುಂಬೇದ ಅಂತ ಲೆಕ್ಕ. ಚಪ್ಪಟಿ ಇದ್ದದ್ದ ಚಲೋದು. ಉಬ್ಬಿದ್ದು ಬ್ಯಾರೆ ತೆಗೆದಿಡೂದ ನಮ್ಮ ಕೆಲಸ."

ಆ ಕೆಲಸವನ್ನು ನಾನೂ ಸೀವುಡ್ಸಿನಲ್ಲಿ ಅಚ್ಚುಕಟ್ಟಾಗಿ ಮಾಡಿದ್ದೆ. ಉಬ್ಬಿದ್ದನ್ನೆಲ್ಲ ಬೇರೆ ತೆಗೆದಿದ್ದೆ. ಬೇರೆ ತೆಗೆದು ಮನೆಗೆ ತಂದಿದ್ದೆ, ಅಷ್ಟೇ ವ್ಯತ್ಯಾಸ.

"ಮಲ್ಲಮ್ಮ, ನೀನು ಸುರಿದೆ. ಉಳಿದವರೆಲ್ಲ ತಿಂದಿದ್ದಾರಲ್ಲ" ಎಂದೆ.

ಅವಳು ಸೆರಗು ಬಾಯಿಗಿಟ್ಟು ನಕ್ಕಳು. "ಯಾರೂ ತಿಂದಿಲ್ರಿ ಅಕ್ಕಾರ. ಈ ಬಿಲ್ಡಿಂಗಿನ ಕಸ ಒಯ್ಯಾಕಿ ನಾನು. ಒಣ ಕಸ ಬ್ಯಾರೆ, ಹಸಿ ಕಸ ಬ್ಯಾರೆ ಮಾಡಾಕಿನೂ ನಾನು. ಭಾನುವಾರದಿಂದ ಆ ಹಳದಿ ಪಾಕೀಟ ಒಂದರೇ ಖಾಲಿ ಬಂದೈತೇನು ಅಂದ್ರ, ಬಂದಿಲ್ಲ. ತಿಂದ್ರ ಪಾಕೀಟ ಎಲ್ಲಿ ಹೋಗ್ತದ್ರಿ?"

ನಾನು ಅವಳ ಕೈ ಹಿಡಿದುಕೊಂಡೆ. ಆಮೇಲೆ ಎದ್ದು, ಅಲ್ಲೇ ಮೆಟ್ಟಿಲಲ್ಲಿ ನಿಂತು, ಗ್ರೂಪಿಗೆ ಎಲ್ಲವನ್ನೂ ಹಾಕಿದೆ. ಅಂಗಡಿಯ ಸಂದೇಶ ಹಾಕಿದೆ. ಕೆಳಗೆ ಬರೆದೆ: ನಾನು ಕೊಟ್ಟ ವಾಣವನ್ನು ನಾನೇ ವಾಪಸು ಕೇಳುತ್ತಿದ್ದೇನೆ. ಅಶುಭವೋ ಶುಭವೋ ಆಮೇಲೆ ನೋಡೋಣ. ಸಂಕೋಚವಿಲ್ಲದೆ ನಿಜ ಹೇಳಿ, ತಿಂದಿದ್ದೀರಾ ಇಲ್ಲವಾ?

ಐದೇ ನಿಮಿಷ. ಬೆರಳು ಚೀಪಿಕೊಂಡ ಮಕ್ಕಳಿಲ್ಲ, ಇನ್ನೊಮ್ಮೆ ಬಡಿಸಿಕೊಂಡ ಗಂಡನಿಲ್ಲ. ನಾಲ್ಕು ಪಾಕೀಟು ಅಡುಗೆಮನೆಯ ಮೇಲಿನ ಅಟ್ಟದಲ್ಲಿದ್ದವು. ಉಳಿದವೆಲ್ಲ ಆಗಲೇ ಬೇರೆಯವರ ಅರಿಶಿನ ಕುಂಕುಮಕ್ಕೆ ಹೊರಟುಹೋಗಿದ್ದವು, ಇಲ್ಲವೇ ಹೊರಡಲು ಚೀಲದಲ್ಲಿ ಸಿದ್ಧವಾಗಿದ್ದವು. ನೆರೂಳಿನ ನಾದಿನಿ, ಕಲ್ಯಾಣದ ಚಿಕ್ಕಮ್ಮ, ಠಾಣೆಯ ಆಫೀಸಿನ ಗೆಳತಿ. ಎಲ್ಲ ಕಡೆ ಫೋನು ಓಡಿತು. ಅಲ್ಲಿಯೂ ಯಾರೂ ತಿಂದಿರಲಿಲ್ಲ, ಅವರೂ ಮುಂದಕ್ಕೆ ಕೊಡಲು ಇಟ್ಟಿದ್ದರು. ದೇವರು ದೊಡ್ಡವನು ಎಂದು ಕೈಮುಗಿದೆ. ಮುಗಿದ ಕೈ ಇಳಿಸುವ ಮೊದಲೇ ಸಿಟ್ಟು ಬಂತು. ಮೂವತ್ತೊಂದು ಮಂದಿಯಲ್ಲಿ ನನ್ನ ವಾಣವನ್ನು ತಿನ್ನಬೇಕೆಂದು ಒಬ್ಬಳಿಗೂ ಅನಿಸಲಿಲ್ಲವೇ?

ನಾನು ಮನೆ ಸೇರುವಷ್ಟರಲ್ಲಿ ಜೋಶಿ ಕಾಕು ನಮ್ಮ ಬಾಗಿಲಿಗೆ ಬಂದರು. ಅವರ ಮುಖ ಬಿಳಿಚಿಕೊಂಡಿತ್ತು. ಕುರ್ಚಿಯಲ್ಲಿ ಕುಳಿತು, "ನಾನೂ ತಿನ್ನಲಿಲ್ಲ" ಎಂದರು. "ನಿನ್ನೆ ಡೋಂಬಿವಲಿಗೆ ಅಶ್ವಿನಿಯ ಅತ್ತೆಯ ಮನೆಗೆ ಅರಿಶಿನ ಕುಂಕುಮಕ್ಕೆ ಹೋಗಿದ್ದೆ. ಅದನ್ನು ಬೀಗಿತ್ತಿಯ ಕೈಗೆ ಕೊಟ್ಟುಬಂದೆ."

ಅಶ್ವಿನಿ ಕಾಕುವಿನ ಒಬ್ಬಳೇ ಮಗಳು. ಏಳು ತಿಂಗಳ ಗರ್ಭಿಣಿ.

"ಈಗಲೇ ಫೋನ್ ಮಾಡಿ, ಕಾಕು."

"ಅವಳು ಶಾಲೆಯಲ್ಲಿ ಪಾಠ ಮಾಡುತ್ತಿರುತ್ತಾಳೆ, ಒಂದು ಗಂಟೆಯವರೆಗೆ ಫೋನು ತೆಗೆಯುವುದಿಲ್ಲ."

"ಹಾಗಾದರೆ ಬೀಗಿತ್ತಿಗೆ ಮಾಡಿ."

"ಏನೆಂದು ಹೇಳಲಿ? ಬೇರೆಯವರು ಕೊಟ್ಟದ್ದನ್ನು ನಿಮಗೆ ದಾಟಿಸಿದೆ, ಅದೂ ಕೆಟ್ಟಿತ್ತು ಎಂದೇ? ನನ್ನ ಮಗಳು ಆ ಮನೆಯಲ್ಲಿ ಬಾಳಬೇಕು, ಬಾಈ."

ಆದರೂ ನಂಬರು ಒತ್ತಿದರು. ನಾನು ಸ್ಪೀಕರಿಗೆ ಹಾಕಿಸಿದೆ. ಬಿಸಿಲಿನ ಮಾತಾಯಿತು, ಮಂಡಿನೋವಿನ ಮಾತಾಯಿತು. ಕೊನೆಗೆ ಕಾಕು ಮೆಲ್ಲಗೆ "ನಿನ್ನೆಯ ಖಿಚಡಿ ಹೇಗಿತ್ತು?" ಎಂದರು. ಆ ಪ್ರಶ್ನೆಗೆ ಈ ಪ್ರಪಂಚದಲ್ಲಿ ಒಂದೇ ಉತ್ತರ. "ಬಹಳ ರುಚಿಯಾಗಿತ್ತು. ಅಶ್ವಿನಿಯೇ ರಾತ್ರಿ ಪೂರ್ತಿ ತಿಂದಳು" ಎಂದರು ಬೀಗಿತ್ತಿ ಸುಲಭಾತಾಯಿ.

ಸುಳ್ಳಿರಬಹುದು. ಆದರೆ ನಿಜವಾಗಿದ್ದರೆ? ಡೋಂಬಿವಲಿಯ ಕಸದ ಡಬ್ಬಿ ನೋಡಿ ಹೇಳಲು ಅಲ್ಲಿ ಮಲ್ಲಮ್ಮನಿರಲಿಲ್ಲ. ನಾನು ಪರ್ಸು ತೆಗೆದುಕೊಂಡು ಕಾಕುವಿನ ಕೈ ಹಿಡಿದು ಹೊರಟೆ.

ಕೋಪರಖೈರಣೆಯಿಂದ ಠಾಣೆ, ಅಲ್ಲಿ ಸೇತುವೆ ಹತ್ತಿ ಇಳಿದು ಕಲ್ಯಾಣದ ಕಡೆಯ ಗಾಡಿ. ಕಾಕು ಕಣ್ಣು ಮುಚ್ಚಿ ತುಟಿ ಅಲ್ಲಾಡಿಸುತ್ತ ಜಪ ಮಾಡುತ್ತಿದ್ದರು. ನಾನು ಸುಮ್ಮನಿರಬಹುದಿತ್ತು. ನನಗೆ ಹೆದರಿಕೆಯಾದರೆ ಬಾಯಿ ಜಾಸ್ತಿ. ಠಾಣೆಯಿಂದ ಡೋಂಬಿವಲಿಯವರೆಗೆ ಒಂದೇ ಸಮನೆ ಮಾತಾಡಿದೆ. ಪ್ರೀತಿಯಿಂದ ಕೊಟ್ಟದ್ದನ್ನು ಇನ್ನೊಬ್ಬರಿಗೆ ದಾಟಿಸುವುದು ಎಂಥ ಸಂಸ್ಕಾರ? ಬೇಡವಾದರೆ ಬೇಡ ಎನ್ನಬೇಕು. ಒಬ್ಬರ ಕೈಯಿಂದ ತೆಗೆದು ಇನ್ನೊಬ್ಬರ ಕೈಗೆ ಹಾಕುವುದಕ್ಕೆ ಅದೇನು ಅಂಚೆಯೇ? ನಮ್ಮ ಮನೆಯಲ್ಲಿ ಆ ಪದ್ಧತಿಯೇ ಇಲ್ಲ ಎಂದೆ. ಎದುರಿನ ಸೀಟಿನ ಹೆಂಗಸು ಕೂಡ ತಲೆಯಾಡಿಸಿದಳು. ಕಾಕು ಒಂದು ಸಲ ಕಣ್ಣು ತೆರೆದು ನನ್ನನ್ನು ನೋಡಿ ಮತ್ತೆ ಮುಚ್ಚಿದರು.

ಸುಲಭಾತಾಯಿಗೆ ನಮ್ಮನ್ನು ಕಂಡು ಆಶ್ಚರ್ಯ. ಆಶ್ಚರ್ಯವಾದರೂ ಅವಲಕ್ಕಿ ಒಗ್ಗರಣೆ ತಡೆಯಲಿಲ್ಲ. ತಟ್ಟೆ ಬಂತು, ಚಹಾ ಬಂತು. ಕಾಕು "ಇಲ್ಲೇ ಹತ್ತಿರ ಕೆಲಸವಿತ್ತು" ಎಂದರು. ಯಾವ ಕೆಲಸವೆಂದು ಕೇಳಿದರೆ 'ಹೀಗೇ' ಎಂದರು. ಇನ್ನೇನು ಬಾಯಿ ಬಿಡುತ್ತಾರೆ ಎಂದು ನಾನು ನೋಡುತ್ತಿದ್ದರೆ ಅವರು ಪರದೆಯ ಬಣ್ಣ ಹೊಗಳತೊಡಗಿದರು. ಅಷ್ಟರಲ್ಲಿ ಅಶ್ವಿನಿ ಬಂದಳು. ಒಂದು ಕೈ ಸೊಂಟದ ಮೇಲೆ, ಇನ್ನೊಂದರಲ್ಲಿ ಚೀಲ. ಅವಳ ಮುಖ ಬಾಡಿತ್ತು. ಬೆಳಿಗ್ಗೆಯಿಂದ ಹೊಟ್ಟೆ ಯಾಕೋ ಸರಿಯಿಲ್ಲ ಎನ್ನುತ್ತ ಸೋಫಾದ ಮೇಲೆ ಕುಳಿತಳು.

ನನ್ನ ಬಾಯಲ್ಲಿದ್ದ ಅವಲಕ್ಕಿ ಅಲ್ಲೇ ನಿಂತಿತು.

"ಅಶ್ವಿನಿ, ನಿನ್ನೆ ರಾತ್ರಿ ನೀನು ಆ ಖಿಚಡಿ ತಿಂದೆಯಾ?"

ಅವಳು ಮೊದಲು ಅತ್ತೆಯ ಮುಖ ನೋಡಿದಳು. ಆಮೇಲೆ, "ತಿಂದೆ ಆಂಟಿ. ಛಾನ್ ಇತ್ತು" ಎಂದಳು.

ಕಾಕು ಅಳಲು ಶುರು ಮಾಡಿದರು. ಬೀಗರ ಮನೆ, ಮರ್ಯಾದೆ, ಪರದೆ, ಎಲ್ಲ ಬಿಟ್ಟು ಅತ್ತರು. ನಾನು ತಟ್ಟೆ ಕೆಳಗಿಟ್ಟು ಎದ್ದು ನಿಂತು, ಬ್ಯಾಕ್ಟೀರಿಯಾದಿಂದ ಹಿಡಿದು ಮಲ್ಲಮ್ಮನವರೆಗೆ ನನಗೆ ಬಂದ ಮರಾಠಿಯಲ್ಲಿ ಎಲ್ಲವನ್ನೂ ಹೇಳಿದೆ. "ಈಗ ಯಾರ ಮರ್ಯಾದೆಯೂ ಬೇಡ. ತಿಂದಿದ್ದರೆ ಈ ಕ್ಷಣ ಡಾಕ್ಟರ ಹತ್ತಿರ ಹೋಗುವುದು. ನಿಜ ಹೇಳು ಮಗಳೇ" ಎಂದೆ.

"ತಿಂದಿಲ್ಲ ಆಂಟಿ" ಎಂದಳು ಅಶ್ವಿನಿ ಸಣ್ಣ ದನಿಯಲ್ಲಿ. "ಖಿಚಡಿ ನೀನು ತಿಂದೆ ಅಂತ ನಿನ್ನ ಅಮ್ಮನಿಗೆ ಫೋನಿನಲ್ಲಿ ಹೇಳಿದ್ದೇನೆ ಎಂದು ಅತ್ತೆ ಮೆಸೇಜು ಹಾಕಿದ್ದರು. ಅದಕ್ಕೆ ನಾನೂ ಹಾಗೇ ಹೇಳಿದೆ. ಹೊಟ್ಟೆ ಸರಿಯಿಲ್ಲದ್ದು ಹಸಿವಿಗೆ."

"ಇವತ್ತು ಬೆಳಿಗ್ಗೆಯಿಂದ ನಾನು ಮೂವತ್ತೊಂದು ಜನರ ಮಾತು ನಂಬಿ ಮೋಸಹೋಗಿದ್ದೇನೆ. ಪಾಕೀಟು ತೋರಿಸಿ" ಎಂದೆ.

ಸುಲಭಾತಾಯಿ ಕೆಂಪಗಾದ ಮುಖದಿಂದ ಎದ್ದು ಒಳಗಿನ ಕಪಾಟು ತೆರೆದರು. ಒಂದು ಇಡೀ ಖಾನೆ ತುಂಬ ವಾಣದ ಸಾಮಾನು. ಪ್ರತಿಯೊಂದಕ್ಕೂ ಚೀಟಿ ಅಂಟಿಸಿ, ಕೊಟ್ಟವರ ಹೆಸರು ಬರೆದಿದ್ದರು. ಮರೆತು ಕೊಟ್ಟವರಿಗೇ ವಾಪಸು ಹೋಗಬಾರದಲ್ಲ! ನಡುವೆ ನಮ್ಮ ಖಿಚಡಿ ಕುಳಿತಿತ್ತು. ಎರಡೇ ದಿನದಲ್ಲಿ ಅದು ಇನ್ನೂ ಉಬ್ಬಿ, ಪಾಕೀಟಿನ ಮೇಲಿನ ಅಮ್ಮನ ಕೆನ್ನೆಯೂ ಊದಿಕೊಂಡಿತ್ತು.

"ವಾಣ ವಾಪಸು ತೆಗೆದುಕೊಂಡರೆ ಅಶುಭ ಎನ್ನುತ್ತಾರೆ" ಎಂದರು ಸುಲಭಾತಾಯಿ, ಅದನ್ನು ಕೊಡಲು ಅಳುಕುತ್ತ.

"ಆ ಅಶುಭ ನನಗಿರಲಿ. ಇತ್ತ ಕೊಡಿ" ಎಂದು ಕಿತ್ತುಕೊಂಡೆ.

ಇವತ್ತಿಗೂ ಅದನ್ನೇ ಹೇಳುತ್ತೇನೆ. ಕೊಟ್ಟದ್ದು ಕೆಟ್ಟದ್ದೆಂದು ಗೊತ್ತಾದ ಮೇಲೆ ವಾಪಸು ಕೇಳದೆ ಇರುವುದು ಸಂಪ್ರದಾಯವಲ್ಲ, ಹೇಡಿತನ. ಕಾಕುವೂ ಸುಲಭಾತಾಯಿಯೂ ಒಬ್ಬರನ್ನೊಬ್ಬರು ಹಿಡಿದುಕೊಂಡು ಅತ್ತು, ಆಮೇಲೆ ನಕ್ಕರು. ಅಶ್ವಿನಿ ನನ್ನ ಕೈ ಹಿಡಿದು "ನನಗೋಸ್ಕರ ಇಷ್ಟು ದೂರ ಬಂದಿರಾ ಆಂಟಿ" ಎಂದಳು. ತಣ್ಣಗಾದ ಅವಲಕ್ಕಿ ಪೂರ್ತಿ ತಿಂದೆ, ಅದೇ ಉತ್ತರವೆಂದುಕೊಂಡು.

ಮರುದಿನ, ಹೋದ ಹೋದ ಕಡೆಯಿಂದೆಲ್ಲ ತರಿಸಿಕೊಂಡ ಪಾಕೀಟುಗಳನ್ನು ದೊಡ್ಡ ಚೀಲದಲ್ಲಿ ಹೊತ್ತು ಸೀವುಡ್ಸಿಗೆ ಹೋದೆ. ಮಲ್ಲಮ್ಮ ಸುರಿದ ಒಂದರ ಖಾಲಿ ಚೀಲವನ್ನೂ ಅವಳಿಂದ ತರಿಸಿಕೊಂಡಿದ್ದೆ. ಅಂಗಡಿಯ ಮ್ಯಾನೇಜರು ಅವನ್ನು ಮೇಜಿನ ಮೇಲೆ ಸಾಲಾಗಿಟ್ಟು ಬೆರಗಾದ. "ಮ್ಯಾಡಮ್, ಬೇರೆಯವರು ತಂದವೆಲ್ಲ ಚಪ್ಪಟೆಯಾಗಿಯೇ ಇವೆ. ನಿಮ್ಮದು ಎಲ್ಲವೂ ಉಬ್ಬಿದೆಯಲ್ಲ, ಹೇಗೆ?" ಎಂದು ಕೇಳಿದ.

"ಉಬ್ಬಿದ್ದನ್ನು ಆರಿಸಿದ್ದು ನನ್ನ ತಪ್ಪು" ಎಂದೆ. "ಉಬ್ಬುವ ಹಾಗೆ ಮಾಡಿದ್ದು ಯಾರ ತಪ್ಪು? ಅದನ್ನು ಕಪಾಟಿನಲ್ಲಿ ಜೋಡಿಸಿ ಇಟ್ಟದ್ದು ಯಾರ ತಪ್ಪು? ಅಮ್ಮನ ಕೈರುಚಿ ಎಂದು ಅಚ್ಚು ಹಾಕಿದ್ದೀರಲ್ಲ, ಆ ಅಮ್ಮನನ್ನು ಕರೆಯಿರಿ. ನಾನು ಅವಳ ಹತ್ತಿರ ಮಾತಾಡಬೇಕು."

ಅಮ್ಮ ಬರಲಿಲ್ಲ. ದೂರಿನ ಪುಸ್ತಕ ಬಂತು. ನಾನು ಎರಡು ಪುಟ ಬರೆದೆ. ಅನಾನುಕೂಲ ಎಂಬ ಶಬ್ದವನ್ನು ಇನ್ನು ಮುಂದೆ ಬಳಸಬಾರದೆಂದೂ ಬರೆದೆ. ಹಿಂದೆ ಸಾಲಿನಲ್ಲಿ ನಿಂತಿದ್ದವರು ಚಪ್ಪಾಳೆ ತಟ್ಟಿದರು. ಒಬ್ಬರು ಬೇಗ ಮುಗಿಸಲಿ ಎಂದು ತಟ್ಟಿದ್ದು ಎಂದು ನಮ್ಮವರು ಹೇಳುತ್ತಾರೆ. ನಾನು ನಂಬುವುದಿಲ್ಲ.

ಇಲ್ಲಿಗೆ ಮುಗಿದಿದ್ದರೆ ಈ ಕಥೆಯಲ್ಲಿ ನಾನು ತಲೆಯೆತ್ತಿ ನಿಂತಿರುತ್ತಿದ್ದೆ.

ಶನಿವಾರ ಸಂಜೆ ಐದಕ್ಕೆ ಬೆಲ್ಲು ಆಯಿತು. ಮೂರನೇ ಮಹಡಿಯ ಪಾಟೀಲ್ ವಹಿನಿ ಕೈಯಲ್ಲೊಂದು ಸೋಪಿನ ಡಬ್ಬಿ ಹಿಡಿದು ನಿಂತಿದ್ದರು.

"ನೀವು ವಾಣ ವಾಪಸು ತೆಗೆದುಕೊಳ್ಳುತ್ತೀರಲ್ಲ" ಎಂದರು. "ಇದು ನೀವು ನಾಲ್ಕು ವರ್ಷದ ಹಿಂದೆ ಕೊಟ್ಟದ್ದು."

"ಇದಕ್ಕೇನಾಗಿದೆ?"

"ಏನೂ ಆಗಿಲ್ಲ. ಹೊರಗೇ ತೆಗೆದಿಲ್ಲ. ಕೊಟ್ಟವರಿಗೆ ಕೊಡಬಾರದು ಅಂತ ಇಟ್ಟುಕೊಂಡಿದ್ದೆ. ಈಗ ನಡೆಯುತ್ತದಲ್ಲ?"

ಅವರ ಹಿಂದೆ ಇನ್ನಿಬ್ಬರಿದ್ದರು. ಅವರ ಹಿಂದೆ ಮೆಟ್ಟಿಲಲ್ಲಿ ಇನ್ನೂ ಐದಾರು ಜನ. ಕಟ್ಟೆ ಒಡೆದದ್ದು ನಾನೇ, ನೀರು ಬೇರೆಲ್ಲಿಗೆ ಹರಿಯಬೇಕು? ಹನ್ನೊಂದು ವರ್ಷ ನಾನು ಒತ್ತಿ, ಅಲ್ಲಾಡಿಸಿ, ಆರಿಸಿ ಕೊಟ್ಟದ್ದೆಲ್ಲ ಒಂದೊಂದಾಗಿ ಮನೆಗೆ ಬಂತು. ಚಹಾ ಸೋಸುವ ಜಾಲರಿ, ನಿಂಬೆ ಹಿಂಡುವ ಇಕ್ಕಳ, ಆನೆಯ ಆಕಾರದ ಪಿನ್ನಿನ ಡಬ್ಬಿ. ಎಲ್ಲವೂ ಹೊಸತು, ಎಲ್ಲವೂ ಕವರಿನೊಳಗೆ. ನಾನು ಮುಖ ಬಾಡಿಸಲಿಲ್ಲ. "ಕೊಡಿ, ಕೊಡಿ. ಇಡಿ ಅಲ್ಲಿ. ಇನ್ನೇನಾದರೂ ಇದ್ದರೆ ಅದನ್ನೂ ತನ್ನಿ" ಎಂದೆ. ನಮ್ಮವರು ಸೋಫಾದ ಮೇಲೆ ಜೋಡಿಸುತ್ತ ಹೋದರು. ಜೋಶಿ ಕಾಕು ಕುರ್ಚಿಯಲ್ಲಿ ಕುಳಿತು ಎಲ್ಲವನ್ನೂ ನೋಡುತ್ತಿದ್ದರು.

ಕೊನೆಗೆ ನಾಲ್ಕನೇ ಮಹಡಿಯ ಹೊಸ ಮದುವಣಗಿತ್ತಿ ಒಂದು ಟ್ರೇ ತಂದಳು. ನವಿಲಿನ ಚಿತ್ರವಿದ್ದ, ದಪ್ಪ ಅಂಚಿನ ಚಹಾದ ಟ್ರೇ. ಅದು ಹೋದ ವರ್ಷ ನಾನು ಅವಳ ಅತ್ತೆಗೆ ಕೊಟ್ಟದ್ದಂತೆ. ಕಾಕು ಕೈಚಾಚಿ ಅದನ್ನು ತೆಗೆದುಕೊಂಡರು. ಕನ್ನಡಕ ಏರಿಸಿದರು. ತಿರುಗಿಸಿ ನೋಡಿದರು. ಹಿಂದೆ, ಕವರಿನ ಒಳಗೆ, ಒಂದು ಸಣ್ಣ ಚೀಟಿ ಅಂಟಿತ್ತು. ಕಾಕುವಿನ ಮುತ್ತಿನಂಥ ಅಕ್ಷರದಲ್ಲಿ ಅವರ ಹೆಸರಿತ್ತು. ಅದರ ಕೆಳಗೆ ನನಗೆ ಹಾರೈಕೆಯೂ ಇತ್ತು: ಅವರು ನನಗೆ ಕೊಟ್ಟಿದ್ದ ವಾಣ ಅದು.

ಕೋಣೆಯಲ್ಲಿದ್ದ ಹದಿನೈದು ಹೆಂಗಸರೂ ಚೀಟಿ ನೋಡಲು ಕತ್ತು ಚಾಚಿದರು.

"ಠಾಣೆಯಿಂದ ಡೋಂಬಿವಲಿಯವರೆಗೆ" ಎಂದರು ಕಾಕು ಮೆಲ್ಲಗೆ, "ನೀನು ಬಹಳ ಚೆನ್ನಾಗಿ ಮಾತಾಡಿದೆ."

ನಮ್ಮವರು ಒಳಗೆ ಹೋಗಿ ಕತ್ತರಿ ತಂದು ನನ್ನ ಕೈಗೆ ಕೊಟ್ಟರು. ಎಲ್ಲರ ಎದುರಿಗೇ ಕವರು ಕತ್ತರಿಸಿದೆ. ಅದೇ ಟ್ರೇಯಲ್ಲಿ ಮೂರು ಸಲ ಓಡಾಡಿ ಹದಿನೈದು ಜನಕ್ಕೂ ಚಹಾ ಕೊಟ್ಟೆ. ಒಳ್ಳೆಯ ಟ್ರೇ, ಒಂದು ಹನಿಯೂ ಚೆಲ್ಲಲಿಲ್ಲ. ಆರಿಸುವುದರಲ್ಲಿ ಕಾಕು ನನಗಿಂತ ಮೇಲು.